ಹಳೇ ಹಾಡುಗಳ ರಾಬಿನ್‌ಹುಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ನಮ್ಮ ಬಡಾವಣೆಯ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುವುದು ನನ್ನ ಎಷ್ಟೋ ವರ್ಷದ ರೂಢಿ. ಕಾಡಿನಲ್ಲಿದ್ದುಕೊಂಡು ಉಳ್ಳವರನ್ನು ದೋಚಿ ಬಡವರಿಗೆ ಕೊಟ್ಟ ಅನ್ನುವ ರಾಬಿನ್‌ಹುಡ್ ಕಥೆ ಹೇಳಿದ ದಿನ ಕಥೆಗಿಂತ ಪ್ರಶ್ನೆಗಳೇ ಜಾಸ್ತಿ. ಮಕ್ಕಳದ್ದು ಮುಗಿಯಿತು ಅಂದುಕೊಂಡರೆ, ಅವರನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರು ಶುರು ಮಾಡುತ್ತಾರೆ. ಉತ್ತರ ಹುಡುಕುತ್ತಾ ಹೋದವಳು ಇಂಗ್ಲೆಂಡಿನ ಹಳೇ ಹಾಡುಗಳ ಮುಂದೆ ಹೋಗಿ ನಿಂತೆ. ಆ ಹಾಡುಗಳ ರಾಬಿನ್ ಸಿನಿಮಾದ ರಾಬಿನ್ ಅಲ್ಲ. ಇವನಿಗೆ ಬಂಗಲೆ ಇಲ್ಲ, ಬಿರುದು ಇಲ್ಲ, ಪ್ರೇಯಸಿಯೂ ಇಲ್ಲ. ಆದರೆ ಸುಳ್ಳು ಲೆಕ್ಕ ಹೇಳುವವರನ್ನು ಕಂಡರೆ ಇವನಿಗಾಗದು. ನನಗೆ ಇವನೇ ಹೆಚ್ಚು ಹಿಡಿಸಿದ. ಅದಕ್ಕೇ ಇಲ್ಲಿನ ಉತ್ತರಗಳಲ್ಲಿ ಹೆಚ್ಚು ಬರುವವನೂ ಇವನೇ.

ರಾಬಿನ್‌ಹುಡ್ ನಿಜವಾಗಿ ಇದ್ದನಾ?

ಇವನೇ ಅವನು ಎಂದು ಬೆರಳಿಟ್ಟು ತೋರಿಸುವಂಥ ಮನುಷ್ಯ ಸಿಕ್ಕಿಲ್ಲ. ಹೆಸರು ಮಾತ್ರ ಸರ್ಕಾರಿ ದಫ್ತರಗಳಲ್ಲಿ ಅಲ್ಲಲ್ಲಿ ಇಣುಕುತ್ತದೆ. 1226ರ ಯಾರ್ಕ್‌ಷೈರ್ ಲೆಕ್ಕದ ಸುರುಳಿಯಲ್ಲಿ ರಾಬರ್ಟ್ ಹಾಡ್ ಎಂಬ ತಲೆಮರೆಸಿಕೊಂಡವನ ಸಾಮಾನು ಜಪ್ತಿಯಾದದ್ದು ದಾಖಲಾಗಿದೆ. ಬೆಲೆ 32 ಶಿಲ್ಲಿಂಗ್ 6 ಪೆನ್ಸ್. ಮರುವರ್ಷದ ಲೆಕ್ಕದಲ್ಲಿ ಅದೇ ಮನುಷ್ಯನನ್ನು ಅಡ್ಡಹೆಸರಿನಿಂದ 'ಹಾಬಿಹಾಡ್' ಎಂದು ಬರೆದಿದ್ದಾರೆ. ಅಷ್ಟೇ. ಅವನು ಏನು ಮಾಡಿದ್ದ, ಎಲ್ಲಿಗೆ ಓಡಿದ ಎಂಬುದಕ್ಕೆ ಅಲ್ಲಿ ಒಂದಕ್ಷರವೂ ಇಲ್ಲ.

ಇದಕ್ಕಿಂತ ಮುಖ್ಯ ಅಂತ ನನಗೆ ಅನಿಸುವುದು 1262ರ ಒಂದು ಸಾಲು. ಬರ್ಕ್‌ಷೈರ್‌ನಲ್ಲಿ ಕಮ್ಮಾರ ರಾಬರ್ಟನ ಮಗ ವಿಲಿಯಂ ಎಂಬವನು ಓಡಿಹೋಗಿದ್ದ. ಅವನ ಹೆಸರನ್ನು ಇನ್ನೊಂದು ಕಡತಕ್ಕೆ ಇಳಿಸುವಾಗ ಗುಮಾಸ್ತ 'ವಿಲಿಯಂ ರಾಬ್‌ಹಾಡ್' ಎಂದು ಬರೆದುಬಿಟ್ಟ. ಅಪ್ಪ ಇಟ್ಟ ಹೆಸರಲ್ಲ ಅದು, ಗುಮಾಸ್ತ ಇಟ್ಟದ್ದು. ಓಡಿಹೋದವನಿಗೆ ಅಂಟಿಸುವ ಹೆಸರಾಗುವಷ್ಟು ಹೊತ್ತಿಗೆ ರಾಬಿನ್‌ಹುಡ್ ಜನರ ಬಾಯಲ್ಲಿ ಓಡಾಡುತ್ತಿದ್ದ ಅಂತ ಆಯ್ತಲ್ವಾ? ಮನುಷ್ಯ ಸಿಗದಿದ್ದರೂ ಹೆಸರಿನ ವಯಸ್ಸು ಇದರಿಂದ ಗೊತ್ತಾಗುತ್ತದೆ.

ಹುಡ್ ಅಂದರೆ ಕಾಡು ಅಂತಲಾ?

ಅಲ್ಲ. ಕಾಡು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ವುಡ್. ಹುಡ್ ಅಂದರೆ ತಲೆಗೆ ಎಳೆದುಕೊಳ್ಳುವ ಮುಸುಕುಟೋಪಿ, ನಮ್ಮ ಮಕ್ಕಳ ಕುಲಾವಿಯ ಥರದ್ದು. ಅದು ಆಗಿನ ಕಾಲದ ಮಾಮೂಲಿ ಮನೆತನದ ಹೆಸರೂ ಹೌದು. ರಾಬಿನ್ ಅನ್ನುವುದು ರಾಬರ್ಟ್‌ನ ಸಲುಗೆಯ ರೂಪ. ನಂಜುಂಡನನ್ನು ನಂಜ ಅಂತ ಕರೆದ ಹಾಗೆ.

ಅವನ ಬಗ್ಗೆ ಮೊದಲು ಬರೆದವರು ಯಾರು?

ಸಾಹಿತ್ಯದಲ್ಲಿ ಮೊದಲ ಉಲ್ಲೇಖ ಸಿಗುವುದು 1377ರ ಸುಮಾರಿಗೆ, ವಿಲಿಯಂ ಲ್ಯಾಂಗ್ಲೆಂಡ್ ಬರೆದ ದೊಡ್ಡ ಕಾವ್ಯದಲ್ಲಿ. ಅದೂ ಒಂದು ಬೈಗುಳದ ನಡುವೆ. ಅದರಲ್ಲಿ ಸೋಮಾರಿತನವೇ ಪಾದ್ರಿಯ ವೇಷದಲ್ಲಿ ಬಂದು ತಪ್ಪೊಪ್ಪಿಕೊಳ್ಳುತ್ತದೆ: ದೇವರ ಪ್ರಾರ್ಥನೆ ನನಗೆ ಸರಿಯಾಗಿ ಬರುವುದಿಲ್ಲ, ರಾಬಿನ್‌ಹುಡ್‌ನ ಪದಗಳಾದರೆ ಬರುತ್ತವೆ. ಪಾದ್ರಿಗೂ ಬಾಯಿಪಾಠವಾಗುವಷ್ಟು ಆ ಹಾಡುಗಳು ಊರೆಲ್ಲ ಹಬ್ಬಿದ್ದವು.

ಆ ಹಾಡುಗಳನ್ನು ನಮ್ಮ ಲಾವಣಿಗಳ ಹಾಗೆ ಅಂದುಕೊಳ್ಳಿ. ಹಾಡುವವನು ಜನರ ಮುಂದೆ ನಿಂತು, ಇಲ್ಲಿ ಕೇಳಿರಣ್ಣ ಅನ್ನುವ ಧಾಟಿಯಲ್ಲಿ ಶುರು ಮಾಡುತ್ತಾನೆ. ಒಂದು ವ್ಯತ್ಯಾಸ ಇದೆ. ನಮ್ಮ ಸಂಗೊಳ್ಳಿ ರಾಯಣ್ಣ ಇದ್ದದ್ದು, ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ್ದು ಗಟ್ಟಿ ಚರಿತ್ರೆ. ಲಾವಣಿ ಅದರ ಮೇಲೆ ಬೆಳೆಯಿತು. ರಾಬಿನ್ ವಿಷಯದಲ್ಲಿ ಹಾಡು ಮಾತ್ರ ಉಳಿದಿದೆ.

ಉಳಿದ ಹಾಡುಗಳಲ್ಲಿ ದೊಡ್ಡದು 'ಗೆಸ್ಟ್'. ಅತಿಥಿ ಅಂತಲ್ಲ, ಸಾಹಸಗಳ ಕಥೆ ಅಂತ ಅರ್ಥ. 1500ರ ಆಸುಪಾಸಿನಲ್ಲಿ ಅಚ್ಚಾಯಿತು. ನಾಲ್ಕು ಸಾಲಿನ 456 ಪದ್ಯಗಳು, 8 ಭಾಗ. ಮುಂದೆ ನಾನು 'ಗೆಸ್ಟ್' ಅಂದಾಗಲೆಲ್ಲ ಇದನ್ನೇ ಹೇಳುತ್ತಿದ್ದೇನೆ.

ಅವನ ಕಾಲದ ರಾಜ ಯಾರು? ಜಾನ್ ಅಲ್ವಾ?

ಸಿನಿಮಾಗಳಲ್ಲಿ ಜಾನ್. ಅಣ್ಣ ರಿಚರ್ಡ್ ಧರ್ಮಯುದ್ಧಕ್ಕೆ ಹೋಗಿದ್ದಾನೆ, ತಮ್ಮ ಜಾನ್ ಪ್ರಜೆಗಳನ್ನು ಹಿಂಡುತ್ತಿದ್ದಾನೆ, ರಾಬಿನ್ ಎದುರು ನಿಲ್ಲುತ್ತಾನೆ. ಕಥೆಯನ್ನು 1190ರ ದಶಕಕ್ಕೆ ತಂದು ಕೂರಿಸಿದವನು ಸ್ಕಾಟ್ಲೆಂಡಿನ ಇತಿಹಾಸಕಾರ ಜಾನ್ ಮೇಜರ್, 1521ರಲ್ಲಿ. 'ಗೆಸ್ಟ್'ನಲ್ಲಿ ರಾಜನ ಹೆಸರು ಎಡ್ವರ್ಡ್. ಎಷ್ಟನೇ ಎಡ್ವರ್ಡ್ ಅಂತ ಹಾಡು ಹೇಳುವುದಿಲ್ಲ. ಆ ಹೆಸರಿನ ರಾಜರು 1272ರಿಂದ 1377ರವರೆಗೆ ಸಾಲಾಗಿ ಮೂವರು ಆಳಿದರು.

ರಿಚರ್ಡ್‌ನನ್ನು ದೇವರ ಹಾಗೆ ತೋರಿಸುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಹತ್ತು ವರ್ಷದ ಆಳ್ವಿಕೆಯಲ್ಲಿ ಅವನು ಇಂಗ್ಲೆಂಡಿನಲ್ಲಿ ಕಳೆದದ್ದು ಸುಮಾರು 6 ತಿಂಗಳು. ಯುದ್ಧದಿಂದ ಹಿಂತಿರುಗುವಾಗ ಸೆರೆ ಸಿಕ್ಕ. ಬಿಡಿಸಿಕೊಳ್ಳಲು ಕೇಳಿದ್ದು 1,50,000 ಮಾರ್ಕ್ (ಒಂದು ಮಾರ್ಕ್ ಅಂದರೆ ಪೌಂಡಿನ ಮೂರನೇ ಎರಡು ಭಾಗ). ಅದಕ್ಕಾಗಿ ಜನರ ಆದಾಯದಲ್ಲೂ ಆಸ್ತಿಯಲ್ಲೂ ನಾಲ್ಕನೇ ಒಂದು ಭಾಗ ತೆರಿಗೆ ಹಾಕಿದರು. 1194ರ ಮಾರ್ಚ್‌ನಲ್ಲಿ ಅವನು ವಾಪಸ್ ಬಂದು, ತಮ್ಮನ ಕಡೆಯವರ ಕೈಯಲ್ಲಿದ್ದ ನಾಟಿಂಗ್‌ಹ್ಯಾಂ ಕೋಟೆಗೆ ಮುತ್ತಿಗೆ ಹಾಕಿ ಗೆದ್ದದ್ದು ನಿಜ. ಮರುದಿನವೇ ಸಿನಿಮಾಗಳ ರಾಬಿನ್ ಇರುವ ಶೆರ್ವುಡ್ ಕಾಡು ನೋಡಲು ಹೋಗಿ, ಬಹಳ ಮೆಚ್ಚಿಕೊಂಡನಂತೆ. ನಾಲ್ಕು ವರ್ಷ ಕಳೆದು 1198ರಲ್ಲಿ ಅವನದೇ ಆಳ್ವಿಕೆಯ ಅರಣ್ಯ ಕಾನೂನು ಏನು ಹೇಳಿತು ಗೊತ್ತಾ? ರಾಜನ ಜಿಂಕೆ ಕೊಂದವನ ಕಣ್ಣು ಕೀಳಬೇಕು.

ಒಂದು ಜಿಂಕೆಗೆ ಕಣ್ಣಾ? ಆ ಕಾಡಿನ ಕಾನೂನಾದರೂ ಎಂಥದ್ದು?

ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಹೇಳುತ್ತೇನೆ. ರಾಬಿನ್ ಹುಟ್ಟಿದ್ದೇ ಇಲ್ಲಿಂದ.

ಆಗಿನ ಇಂಗ್ಲೆಂಡಿನಲ್ಲಿ 'ಫಾರೆಸ್ಟ್' ಅಂದರೆ ಬರೀ ಮರಗಿಡ ಅಲ್ಲ. ರಾಜನ ಬೇಟೆಗೆ ಮೀಸಲು ಅಂತ ಗೆರೆ ಎಳೆದ ನೆಲ. ಆ ಗೆರೆಯೊಳಗೆ ಹಳ್ಳಿ, ಹೊಲ, ಬೀಳು, ಹಳ್ಳ, ಎಲ್ಲವೂ ಬರುತ್ತಿದ್ದವು. 1066ರಲ್ಲಿ ದೇಶ ಗೆದ್ದ ವಿಲಿಯಂ ಈ ಪದ್ಧತಿ ತಂದ. ನೂರು ವರ್ಷದಲ್ಲಿ ಅದು ಎಷ್ಟು ಬೆಳೆಯಿತೆಂದರೆ ದಕ್ಷಿಣ ಇಂಗ್ಲೆಂಡಿನ ಸುಮಾರು ಮೂರನೇ ಒಂದು ಭಾಗ ಗೆರೆಯೊಳಗೆ ಸೇರಿಹೋಯಿತು. ಎಸೆಕ್ಸ್‌ನಲ್ಲಿ ಹೆಚ್ಚೂಕಮ್ಮಿ ಜಿಲ್ಲೆಗೆ ಜಿಲ್ಲೆಯೇ ಫಾರೆಸ್ಟ್.

ಕಾನೂನು ಎರಡನ್ನು ಕಾಯುತ್ತಿತ್ತು. ಒಂದು ಬೇಟೆಯ ಪ್ರಾಣಿ, ಅಂದರೆ ಜಿಂಕೆಯ ಜಾತಿಗಳು ಮತ್ತು ಕಾಡುಹಂದಿ. ಇನ್ನೊಂದು ಅವುಗಳಿಗೆ ಮೇವು, ನೆರಳು ಕೊಡುವ ಹಸಿರು. ಹೊಲ ನಿಮ್ಮದೇ ಇರಬಹುದು. ಆದರೆ ಅದರ ಅಂಚಿನ ಮರ ಕಡಿದರೆ ದಂಡ. ಪೊದೆ ಸವರಿ ಉತ್ತರೆ ದಂಡ. ಜಿಂಕೆ ನುಗ್ಗದ ಹಾಗೆ ಎತ್ತರದ ಬೇಲಿ ಹಾಕಿದರೂ ದಂಡ. ರಾತ್ರಿಯೆಲ್ಲ ಜಿಂಕೆ ಬೆಳೆ ತಿಂದರೆ ರೈತ ನೋಡುತ್ತಾ ನಿಲ್ಲಬೇಕು. ಮನೆಯಲ್ಲಿ ನಾಯಿ ಸಾಕಿದ್ದರೆ ಅದು ಜಿಂಕೆಯ ಹಿಂದೆ ಓಡಬಾರದು ಅಂತ ಮುಂಗಾಲಿನ ಮೂರು ಉಗುರು ಕತ್ತರಿಸುತ್ತಿದ್ದರು. ಕತ್ತರಿಸದ ನಾಯಿ ಸಿಕ್ಕಿದರೆ ಯಜಮಾನನಿಗೆ 3 ಶಿಲ್ಲಿಂಗ್ ದಂಡ. ಮಕ್ಕಳಿಗೆ ಈ ನಾಯಿಯ ವಿಷಯ ಹೇಳಿದಾಗ ಎಲ್ಲರೂ ಒಮ್ಮೆಗೇ ಸುಮ್ಮನಾಗಿಬಿಡುತ್ತಾರೆ. ಕಣ್ಣು ಕೀಳುವ ಮಾತಿಗೂ ಅಷ್ಟು ಸುಮ್ಮನಾಗಿರುವುದಿಲ್ಲ.

ಈ ದಂಡಗಳು ಖಜಾನೆಗೆ ಒಳ್ಳೇ ಆದಾಯ. ಅದಕ್ಕೇ ರಾಜರು ಆ ಗೆರೆಯನ್ನು ಚಿಕ್ಕದು ಮಾಡಲು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು, ಮ್ಯಾಗ್ನಾ ಕಾರ್ಟಾ, ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ 1217ರಲ್ಲಿ ಹುಡುಗ ರಾಜ 3ನೇ ಹೆನ್ರಿಯ ಹೆಸರಿನಲ್ಲಿ ಅರಣ್ಯಕ್ಕೆಂದೇ ಬೇರೆ ಸನ್ನದು ಹೊರಟಿತು. ಜಿಂಕೆಗಾಗಿ ಇನ್ನು ಯಾರೂ ಪ್ರಾಣವನ್ನಾಗಲಿ ಅಂಗವನ್ನಾಗಲಿ ಕಳೆದುಕೊಳ್ಳಬಾರದು ಅಂತ ಅದು ಹೇಳಿತು. ದಂಡ ಕಟ್ಟಬೇಕು, ಕೈಲಾಗದಿದ್ದರೆ ಒಂದು ವರ್ಷ ಒಂದು ದಿನ ಜೈಲು. ಸಾಮಾನ್ಯ ಜನರ ದಿನದ ಬದುಕಿಗೆ ಮ್ಯಾಗ್ನಾ ಕಾರ್ಟಾಕ್ಕಿಂತ ಇದೇ ಹೆಚ್ಚು ಹತ್ತಿರದ್ದು ಅಂತ ನನ್ನ ನಂಬಿಕೆ.

ಈಗ ಯೋಚಿಸಿ. ಇಂಥ ಕಡೆ ಒಬ್ಬ ರಾಜನ ಜಿಂಕೆಯನ್ನೇ ಹೊಡೆದು, ರಾಜನ ಕಾಡಿನಲ್ಲೇ ಬೆಂಕಿ ಹಾಕಿ ಬೇಯಿಸಿ, ದಾರಿಹೋಕರನ್ನು ಊಟಕ್ಕೆ ಕರೆಯುತ್ತಾನೆ. ಆ ಹಾಡು ಕೇಳಿದವರಿಗೆ ಹೇಗಾಗಿರಬೇಡ!

ಔಟ್‌ಲಾ ಅಂದರೆ ಡಕಾಯಿತನಾ?

ಈಗ ಹಾಗೆ ಬಳಸುತ್ತಾರೆ. ಆಗ ಅದು ಕೋರ್ಟಿನ ಮಾತು. ಆಪಾದನೆ ಬಂದವನನ್ನು ಜಿಲ್ಲಾ ನ್ಯಾಯಸಭೆಯಲ್ಲಿ ಒಂದಾದ ಮೇಲೊಂದು ಸಭೆಯಂತೆ ಹೆಸರು ಹಿಡಿದು ಕೂಗುತ್ತಿದ್ದರು. ಕೊನೆಯ ಕೂಗಿಗೂ ಬರದಿದ್ದರೆ ಅವನು ಕಾನೂನಿನ ಆಚೆಗಿನವನು. ಅಪರಾಧ ಸಾಬೀತಾಗಬೇಕು ಅಂತಲೇ ಇಲ್ಲ, ಬರದಿದ್ದರೆ ಸಾಕು. ಆಸ್ತಿ ಜಪ್ತಿ. ಯಾರೂ ಅನ್ನ ಕೊಡಬಾರದು, ಜಾಗ ಕೊಡಬಾರದು. ಮೊದಮೊದಲು ಅವನಿಗೆ 'ತೋಳದ ತಲೆ' ಅನ್ನುತ್ತಿದ್ದರು. ತೋಳವನ್ನು ಹೇಗೋ ಹಾಗೆ ಅವನನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು. ಆ ಸಭೆ ನಡೆಸುವವನು ಶೆರಿಫ್, ಅಂದರೆ ಜಿಲ್ಲೆಯಲ್ಲಿ ರಾಜನ ಅಧಿಕಾರಿ. ಅವನು ತನ್ನ ವೈರಿಯೇ ಆಗಿದ್ದರೆ ಅವನ ಸಭೆಗೆ ಯಾರು ತಾನೆ ಹೋದಾರು? ನಿರಪರಾಧಿಗಳೂ ಕಾಡು ಸೇರುತ್ತಿದ್ದರು.

ಹಾಗಂತ ಕಾಡು ಸೇರಿದವರೆಲ್ಲ ಒಳ್ಳೆಯವರಲ್ಲ. ಲೆಸ್ಟರ್‌ಷೈರ್‌ನ ಫೋಲ್ವಿಲ್ ಅಣ್ಣತಮ್ಮಂದಿರು 1326ರಲ್ಲಿ ಖಜಾನೆಯ ದೊಡ್ಡ ಅಧಿಕಾರಿ ರೋಜರ್ ಬೆಲ್ಲರ್ಸ್‌ನನ್ನು ಕೊಂದು ವರ್ಷಗಟ್ಟಲೆ ಸುಲಿಗೆ ಮಾಡಿಕೊಂಡಿದ್ದರು. ಅವರಿಂದ ಬಡವರಿಗೆ ಏನೂ ಸಿಗಲಿಲ್ಲ.

ನಾಟಿಂಗ್‌ಹ್ಯಾಂ ಶೆರಿಫ್ ಯಾರು?

ಹಳೇ ಹಾಡುಗಳಲ್ಲಿ ಅವನಿಗೆ ಹೆಸರೇ ಇಲ್ಲ. ಬರೀ ಶೆರಿಫ್. ಅದು ಸರಿಯಾಗಿಯೇ ಇದೆ, ಯಾಕೆಂದರೆ ಜನ ಹೆದರುತ್ತಿದ್ದದ್ದು ಆ ಕುರ್ಚಿಗೆ. ಶೆರಿಫ್ ವರ್ಷಕ್ಕೆ ಇಷ್ಟು ಅಂತ ರಾಜನಿಗೆ ಕಟ್ಟಬೇಕು. ಅದರ ಮೇಲೆ ವಸೂಲಾದದ್ದು ಅವನ ಜೇಬಿಗೆ. ನಮ್ಮ ಹಳೇ ಸುಂಕದ ಗುತ್ತಿಗೆಗಳ ಹಾಗೆ. ಜಾನ್ ರಾಜನಾದ ಮೇಲೆ ಕಟ್ಟುವ ಮೊತ್ತದ ಮೇಲೆ ಇನ್ನಷ್ಟು ಕೇಳತೊಡಗಿದ. ಶೆರಿಫ್ ಹಳ್ಳಿಗಳನ್ನು ಇನ್ನಷ್ಟು ಹಿಂಡಿದ.

1208ರಿಂದ ನಾಟಿಂಗ್‌ಹ್ಯಾಂ ಶೆರಿಫ್ ಆಗಿದ್ದವನು ಫಿಲಿಪ್ ಮಾರ್ಕ್, ಫ್ರಾನ್ಸಿನಿಂದ ಬಂದವನು. ಅವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಮ್ಯಾಗ್ನಾ ಕಾರ್ಟಾದ 50ನೇ ಕಲಮು ಅವನ ಹೆಸರು ಬರೆದೇ, ಅವನನ್ನೂ ಅವನ ತಮ್ಮಂದಿರನ್ನೂ ಅಧಿಕಾರದಿಂದ ತೆಗೆಯಬೇಕು ಅನ್ನುತ್ತದೆ. ಆದರೂ ಅವನು 1224ರವರೆಗೆ ಅದೇ ಕುರ್ಚಿಯಲ್ಲಿ ಇದ್ದ.

ಶ್ರೀಮಂತರಿಂದ ಕಿತ್ತು ಬಡವರಿಗೆ ಕೊಟ್ಟದ್ದು ನಿಜವಾ?

ನಮ್ಮ ಪತ್ರಿಕೆಗಳಲ್ಲೂ ಕದ್ದದ್ದನ್ನು ಹಂಚುವ ಕಳ್ಳ ಸಿಕ್ಕಿದ ಕೂಡಲೇ ರಾಬಿನ್‌ಹುಡ್ ಅಂತ ಬರೆಯುತ್ತಾರೆ. 'ಗೆಸ್ಟ್'ನ ಕೊನೆಯ ಸಾಲೂ ಅವನು ಬಡವರಿಗೆ ಬಹಳ ಒಳ್ಳೆಯದು ಮಾಡಿದ ಅನ್ನುತ್ತದೆ. ಆದರೆ ಹಾಡಿನೊಳಗೆ ಅವನು ನಡೆದುಕೊಳ್ಳುವ ರೀತಿ ಇದಕ್ಕಿಂತ ಸ್ವಾರಸ್ಯ. ಶುರುವಿನಲ್ಲೇ ತನ್ನವರಿಗೆ ಹೇಳುತ್ತಾನೆ: ನೇಗಿಲು ಹಿಡಿದು ಉಳುವವನನ್ನು ಮುಟ್ಟಬೇಡಿ. ಒಳ್ಳೇ ಮನಸ್ಸಿನ ನೈಟ್‌ನನ್ನೂ, ಅಂದರೆ ಕುದುರೆ ಸರದಾರನನ್ನೂ, ಮುಟ್ಟಬೇಡಿ. ಬಿಷಪ್ಪರು, ಆರ್ಚ್‌ಬಿಷಪ್ಪರು ಸಿಕ್ಕಿದರೆ ಹೊಡೆದು ಕಟ್ಟಿಹಾಕಿ. ಶೆರಿಫ್‌ನನ್ನು ಮಾತ್ರ ಮರೆಯಲೇಬೇಡಿ.

ಆಮೇಲೆ ಅವನು ಅತಿಥಿ ಬರುವ ತನಕ ಊಟ ಮಾಡುವುದಿಲ್ಲ ಅಂತ ಕೂರುತ್ತಾನೆ. ಅವತ್ತು ಸಿಗುವವನು ಒಬ್ಬ ನೈಟ್. ಒಂದು ಕಾಲು ರಿಕಾಪಿನಲ್ಲಿದೆ, ಇನ್ನೊಂದು ಸುಮ್ನೆ ಜೋತಾಡುತ್ತಿದೆ. ಮುಸುಕು ಕಣ್ಣಿನ ಮೇಲೆ ಜಾರಿದೆ. ರೊಟ್ಟಿ, ವೈನ್, ಜಿಂಕೆ ಮಾಂಸ, ಹಂಸ, ಫೆಸೆಂಟ್ ಹಕ್ಕಿ ಎಲ್ಲ ಬಡಿಸಿ, ಊಟವಾದ ಮೇಲೆ ರಾಬಿನ್ ದುಡ್ಡು ಕೇಳುತ್ತಾನೆ. ನನ್ನ ಹತ್ತಿರ ಇರುವುದು 10 ಶಿಲ್ಲಿಂಗ್ ಮಾತ್ರ ಅನ್ನುತ್ತಾನೆ ನೈಟ್. ಅಷ್ಟೇ ಇದ್ದರೆ ಒಂದು ಪೆನ್ನಿಯೂ ಬೇಡ ಅನ್ನುತ್ತಾನೆ ರಾಬಿನ್. ರಾಬಿನ್‌ನ ಬಲಗೈ ಬಂಟ ಲಿಟಲ್ ಜಾನ್ ನೆಲದ ಮೇಲೆ ತನ್ನ ನಿಲುವಂಗಿ ಹಾಸಿ ಪೆಟ್ಟಿಗೆ ಸುರಿಯುತ್ತಾನೆ. ಸರಿಯಾಗಿ 10 ಶಿಲ್ಲಿಂಗ್.

ನಿಜ ಹೇಳಿದವನ ಕಥೆ ಆಮೇಲೆ ಹೊರಬರುತ್ತದೆ. ಮಗ ಒಬ್ಬನನ್ನು ಕೊಂದಿದ್ದ. ಅವನನ್ನು ಉಳಿಸಿಕೊಳ್ಳಲು ನೈಟ್ ತನ್ನ ಜಮೀನನ್ನೆಲ್ಲ ಯಾರ್ಕ್‌ನ ಸೇಂಟ್ ಮೇರಿ ಮಠಕ್ಕೆ 400 ಪೌಂಡಿಗೆ ಅಡವಿಟ್ಟಿದ್ದಾನೆ. ವಾಯಿದೆ ಮುಗಿಯುತ್ತಾ ಬಂದಿದೆ. ಜಾಮೀನು ನಿಲ್ಲಲು ಯಾರಿದ್ದಾರೆ ಅಂದರೆ, ಮೇರಿಮಾತೆಯೊಬ್ಬಳೇ ಅನ್ನುತ್ತಾನೆ. ರಾಬಿನ್‌ಗೆ ಅಷ್ಟು ಸಾಕು. 400 ಪೌಂಡ್ ಎಣಿಸಿ ಕೊಡುತ್ತಾನೆ.

ಇಲ್ಲೇ ನನಗೆ ತುಂಬಾ ಇಷ್ಟವಾದ ಒಂದು ಜಾಗ ಬರುತ್ತದೆ. ಪಾಪ, ಮೈಮೇಲೆ ಸರಿಯಾದ ಬಟ್ಟೆಯೂ ಇಲ್ಲ, ಪ್ರತಿ ಬಣ್ಣದಲ್ಲೂ 3 ಗಜ ಬಟ್ಟೆ ಕೊಡೋಣ ಅನ್ನುತ್ತಾನೆ ಲಿಟಲ್ ಜಾನ್. ಅಳತೆಗೆ ಗಜಕೋಲು ಇಲ್ಲ. ತನ್ನ ಬಿಲ್ಲನ್ನೇ ಹಿಡಿದು ಅಳೆಯುತ್ತಾನೆ. ಒಂದೊಂದು ಅಳತೆಗೂ ಮೂರು ಅಡಿ ಮುಂದಕ್ಕೆ ಹಾರುತ್ತಾನೆ. ಇದೆಂಥ ಜವಳಿ ವ್ಯಾಪಾರಿಯಪ್ಪಾ ನೀನು ಅಂತ ಗಿರಣಿಯವನ ಮಗ ಮಚ್ ರೇಗುತ್ತಾನೆ. ಪಕ್ಕದಲ್ಲಿದ್ದ ಇನ್ನೊಬ್ಬ ಸಂಗಾತಿ ವಿಲ್ ನಗುತ್ತಾನೆ. ಅವನ ಕೈಯಿಂದ ಏನು ಹೋಗಬೇಕು, ಧಾರಾಳವಾಗಿ ಅಳೆಯಲಿ ಬಿಡು ಅನ್ನುತ್ತಾನೆ.

ವರ್ಷ ಕಳೆದು, ಸಾಲ ತೀರಿಸುವ ದಿನ ನೈಟ್ ಇನ್ನೂ ಬಂದಿಲ್ಲ. ದಾರಿಯಲ್ಲಿ ಕುಸ್ತಿಯ ಕಣವೊಂದರಲ್ಲಿ ಗೆದ್ದ ಪರಊರಿನ ಹುಡುಗನಿಗೆ ಅನ್ಯಾಯವಾಗುತ್ತಿತ್ತು, ಅವನ ಪರವಾಗಿ ನಿಂತು ತಡವಾಗಿದೆ. ಅದೇ ಹೊತ್ತಿಗೆ ಸೇಂಟ್ ಮೇರಿ ಮಠದ ಸನ್ಯಾಸಿಯೊಬ್ಬ ಕಾಡಿನ ದಾರಿಯಲ್ಲಿ ಸಿಗುತ್ತಾನೆ. ಅವನಿಗೂ ಊಟ. ಅವನಿಗೂ ಅದೇ ಪ್ರಶ್ನೆ. 20 ಮಾರ್ಕ್ ಇದೆ ಅನ್ನುತ್ತಾನೆ, ಅಂದರೆ 13 ಪೌಂಡಿಗೆ ಚೂರು ಮೇಲೆ. ಲಿಟಲ್ ಜಾನ್ ಮತ್ತೆ ನಿಲುವಂಗಿ ಹಾಸುತ್ತಾನೆ. ಈ ಸಲ ಬಿದ್ದದ್ದು 800 ಪೌಂಡಿಗೂ ಜಾಸ್ತಿ. ಮೇರಿಮಾತೆ ಜಾಮೀನಿನ ಹಣವನ್ನು ಎರಡರಷ್ಟು ಮಾಡಿ ಕಳಿಸಿದ್ದಾಳೆ ಅಂತ ರಾಬಿನ್ ಅಷ್ಟನ್ನೂ ಇಟ್ಟುಕೊಳ್ಳುತ್ತಾನೆ. ಸಂಜೆಗೆ ನೈಟ್ ಬಂದು 400 ಮುಂದಿಟ್ಟರೆ ಅದನ್ನು ಮುಟ್ಟುವುದಿಲ್ಲ. ಬದಲಿಗೆ ಇನ್ನೂ 400 ಅವನ ಕೈಗೇ ಕೊಟ್ಟು ಕಳಿಸುತ್ತಾನೆ.

ಅಂದರೆ ಈ ರಾಬಿನ್ ನೋಡುವುದು ಜೇಬಿನಲ್ಲಿ ಎಷ್ಟಿದೆ ಅಂತಲ್ಲ. ಹೇಳಿದ್ದಕ್ಕೂ ಇದ್ದದ್ದಕ್ಕೂ ತಾಳೆ ಆಗುತ್ತದಾ ಅಂತ. ದಂಡದ ಲೆಕ್ಕ, ಬಡ್ಡಿಯ ಲೆಕ್ಕ, ಸುಂಕದ ಲೆಕ್ಕ ಎಲ್ಲವೂ ಬೇರೆಯವರ ಕೈಯಲ್ಲಿದ್ದ ಜನಕ್ಕೆ, ಎಲ್ಲರೆದುರು ನೆಲದ ಮೇಲೆ ಹಾಸಿ ಎಣಿಸುವ ಆ ನಿಲುವಂಗಿಯಲ್ಲಿ ನ್ಯಾಯ ಕಂಡಿರಬೇಕು.

ಅವನು ರಾಜನ ವಿರುದ್ಧವೇ ದಂಗೆ ಎದ್ದನಾ?

ಹಾಡುಗಳಲ್ಲಿ ಇಲ್ಲ. ಅವನ ಜಗಳ ಶೆರಿಫ್ ಜೊತೆ, ಮಠದ ಜೊತೆ, ಕಾಡಿನ ಕಾವಲಿನವರ ಜೊತೆ. ರಾಜ ಎಡ್ವರ್ಡ್ ಮಠಾಧಿಪತಿಯ ವೇಷ ಹಾಕಿಕೊಂಡು ಕಾಡಿಗೆ ಬರುತ್ತಾನೆ. ಗುರಿ ತಪ್ಪಿದವನಿಗೆ ಏಟು ಅನ್ನುವ ಬಿಲ್ಲಿನ ಆಟ ನಡೆಯುತ್ತದೆ. ರಾಬಿನ್ ತಪ್ಪುತ್ತಾನೆ. ಅತಿಥಿ ಕೊಟ್ಟ ಏಟಿಗೆ ನೆಲಕ್ಕೆ ಬೀಳುವುದೊಂದೇ ಬಾಕಿ. ಇದು ಸನ್ಯಾಸಿಯ ಕೈಯಲ್ಲ ಅಂತ ಮುಖ ನೋಡಿ, ಗುರುತಿಸಿ ಮಂಡಿಯೂರುತ್ತಾನೆ. ಅರಮನೆಗೂ ಹೋಗುತ್ತಾನೆ. ಒಂದು ವರ್ಷ ಮೂರು ತಿಂಗಳಲ್ಲಿ ಕೈಯಲ್ಲಿದ್ದ ಹಣ ಮುಗಿಯುತ್ತದೆ, ಮನಸ್ಸು ಬಾಡುತ್ತದೆ. ಏಳು ದಿನಕ್ಕೆ ಅಂತ ರಜೆ ಕೇಳಿ ಕಾಡಿಗೆ ಹೋದವನು ಮತ್ತೆ 22 ವರ್ಷ ಅಲ್ಲೇ ಉಳಿಯುತ್ತಾನೆ.

ದೂರದ ರಾಜ ಒಳ್ಳೆಯವನು, ನಡುವಿನವರೇ ಕೆಟ್ಟವರು ಅಂತ ನಂಬುವುದು ಆ ಕಾಲದ ಜನರ ರೀತಿ. ನನಗೆ ಆ ನಂಬಿಕೆ ಒಪ್ಪಿಗೆಯಿಲ್ಲ. ಕಣ್ಣು ಕೀಳುವ ಕಾನೂನು ಶೆರಿಫ್ ಬರೆದದ್ದಲ್ಲ. ಆದರೂ ಹಾಡಿನ ರಾಬಿನ್ ತಾನಾಗಿ ಅರಮನೆ ಬಿಟ್ಟು ಬಂದ. ನನಗೆ ಅದು ದಂಗೆಗಿಂತ ಕಡಿಮೆ ಅನಿಸುವುದಿಲ್ಲ.

ಅವನು ದೊಡ್ಡ ಮನೆತನದವನು, ಅರ್ಲ್ ಅಂತಾರಲ್ಲ?

ಅದು 1598ರ ಮಾತು. ಆ ವರ್ಷ ಆಂಥನಿ ಮಂಡೇ ಎಂಬ ನಾಟಕಕಾರ ಲಂಡನ್ನಿನ ರಂಗಭೂಮಿಗೆ ಎರಡು ನಾಟಕ ಬರೆದು, ರಾಬಿನ್‌ನನ್ನು ಹಂಟಿಂಗ್ಟನ್‌ನ ಅರ್ಲ್ ಮಾಡಿಬಿಟ್ಟ. ಹಳೇ ಹಾಡುಗಳಲ್ಲಿ ಅವನು ಯೋಮನ್. ಜೀತದವನೂ ಅಲ್ಲ, ದೊರೆಯೂ ಅಲ್ಲ, ನಡುವಿನ ಸ್ವತಂತ್ರ ಮನುಷ್ಯ. ಅರ್ಲ್ ಆದ ಕೂಡಲೇ ಕಥೆ ಕಳೆದುಹೋದ ಆಸ್ತಿಯ ಕಥೆಯಾಗುತ್ತದೆ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ. ಮೊದಲಿನಿಂದ ಅಲ್ಲಿದ್ದ ಸ್ಯಾಕ್ಸನ್ನರ ಪರ, 1066ರಲ್ಲಿ ಗೆದ್ದು ಬಂದ ನಾರ್ಮನ್ನರ ವಿರುದ್ಧ ಅನ್ನುವ ಬಣ್ಣ ಗಟ್ಟಿಯಾದದ್ದು ಇನ್ನೂ ಆಮೇಲೆ, ವಾಲ್ಟರ್ ಸ್ಕಾಟ್‌ನ 1819ರ ಕಾದಂಬರಿಯಿಂದ.

ಮೇರಿಯನ್, ಫ್ರಯರ್ ಟಕ್, ಲಿಟಲ್ ಜಾನ್?

ಲಿಟಲ್ ಜಾನ್, ಮಚ್, ವಿಲ್ ಮೊದಲಿನಿಂದ ಇದ್ದವರು. ಸಿನಿಮಾದಲ್ಲಿ ರಾಬಿನ್‌ನ ಪ್ರೇಯಸಿಯಾಗುವ ಮೇರಿಯನ್ ಮೂಲತಃ ಫ್ರೆಂಚ್ ಹಾಡುಗಳ ಕುರುಬರ ಹುಡುಗಿ. ಅಲ್ಲಿ ಅವಳ ಜೊತೆಗಾರನ ಹೆಸರೂ ರಾಬಿನ್ನೇ. ಇಂಗ್ಲೆಂಡಿನ ಮೇ ತಿಂಗಳ ಹಬ್ಬದ ಆಟಗಳಲ್ಲಿ ಎರಡು ಕಥೆಯೂ ಒಂದಾದವು. ಗುಂಪಿನ ಸನ್ಯಾಸಿಯ ಹೆಸರಾದ ಟಕ್ ಅನ್ನುವುದು 1417ರಲ್ಲಿ ಸಸೆಕ್ಸ್‌ನ ರಾಬರ್ಟ್ ಸ್ಟ್ಯಾಫರ್ಡ್ ಎಂಬ ಪಾದ್ರಿ ಇಟ್ಟುಕೊಂಡಿದ್ದ ಸುಳ್ಳು ಹೆಸರು. ಅವನೂ ಗುಂಪು ಕಟ್ಟಿಕೊಂಡು ದರೋಡೆ ಮಾಡುತ್ತಿದ್ದ.

ಆ ಮೇ ಹಬ್ಬ ಎಷ್ಟು ಜೋರಾಗಿತ್ತು ಅಂತ ಬಿಷಪ್ ಲ್ಯಾಟಿಮರ್ 1549ರಲ್ಲಿ ರಾಜನೆದುರೇ ಹೇಳಿಕೊಂಡಿದ್ದಾನೆ. ಒಂದೂರಿಗೆ ಪ್ರವಚನಕ್ಕೆ ಹೋದರೆ ಚರ್ಚಿಗೆ ಬೀಗ. ಅರ್ಧ ಗಂಟೆಗೂ ಹೆಚ್ಚು ಕಾದ ಮೇಲೆ ಕೀಲಿಕೈ ಸಿಕ್ಕಿತು. ಆಗ ಊರವನೊಬ್ಬ ಬಂದು, ಇವತ್ತು ರಾಬಿನ್‌ಹುಡ್ ದಿನ, ಜನ ಎಲ್ಲ ಅಲ್ಲಿಗೆ ಹೋಗಿದ್ದಾರೆ ಅಂದನಂತೆ. ಬಿಷಪ್ಪನ ಸಿಟ್ಟು ಆ ಪ್ರವಚನದಲ್ಲಿ ಇನ್ನೂ ಬಿಸಿಯಾಗಿದೆ.

ಬಾಣದಿಂದ ಬಾಣ ಸೀಳುವುದು ಸಾಧ್ಯವಾ?

'ಗೆಸ್ಟ್'ನ ರಾಬಿನ್ ಸೀಳುವುದು ಗುರಿಗೆ ನೆಟ್ಟ ತೆಳ್ಳಗಿನ ಕೋಲನ್ನು. ಅದೂ ಕಷ್ಟದ ಗುರಿಯೇ. ಬಿಲ್ಲಿನ ಶಕ್ತಿ ಮಾತ್ರ ಕಟ್ಟುಕಥೆಯಲ್ಲ. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿದ್ದ 170ಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕಿವೆ. ಯೂ ಮರದ್ದು, ಆಳೆತ್ತರಕ್ಕಿಂತ ಉದ್ದ. ಹೆದೆ ಎಳೆಯಲು 45 ಕಿಲೋದಿಂದ 80 ಕಿಲೋ ದಾಟುವಷ್ಟು ಬಲ ಬೇಕಿತ್ತೆಂದು ಲೆಕ್ಕ ಹಾಕಿದ್ದಾರೆ. ಹುಡುಗರಾಗಿದ್ದಾಗಿನಿಂದ ಎಳೆದೂ ಎಳೆದೂ ಭುಜದ ಮೂಳೆಯೇ ಬದಲಾಗುತ್ತಿತ್ತು. 1363ರಲ್ಲಿ ರಾಜ 3ನೇ ಎಡ್ವರ್ಡ್, ರಜಾದಿನಗಳಲ್ಲಿ ಚೆಂಡಾಟ ಬಿಟ್ಟು ಬಿಲ್ಲು ಕಲಿಯಿರಿ ಅಂತ ಆಜ್ಞೆ ಹೊರಡಿಸಿದ್ದ. ಹೀಗಾಗಿ ಹಾಡು ಕೇಳುವವರಿಗೆಲ್ಲ ಆ ಹೆದೆಯ ಭಾರ ಕೈಯಲ್ಲೇ ಗೊತ್ತಿತ್ತು.

ಮಕ್ಕಳಿಗೆ ಹೇಳುವಂಥ ಕಥೆಯಾ ಇದು?

ಆರಿಸಿ ಹೇಳಬೇಕು. 1450ರ ನಂತರದ ಒಂದು ಕೈಬರಹದಲ್ಲಿ ಸನ್ಯಾಸಿಯ ಹಾಡು ಇದೆ. ರಾಬಿನ್ ನಾಟಿಂಗ್‌ಹ್ಯಾಂ ಚರ್ಚಿಗೆ ಪ್ರಾರ್ಥನೆಗೆ ಹೋದಾಗ ಸನ್ಯಾಸಿಯೊಬ್ಬ ಹಿಡಿಸಿಕೊಡುತ್ತಾನೆ. ಲಿಟಲ್ ಜಾನ್ ಅವನನ್ನು ಕೊಲ್ಲುತ್ತಾನೆ. ಯಾರಿಗೂ ಹೇಳಬಾರದೆಂದು, ಜೊತೆಗಿದ್ದ ಚಿಕ್ಕ ಹುಡುಗನನ್ನೂ ಮಚ್ ಕೊಲ್ಲುತ್ತಾನೆ. ಈ ಜಾಗವನ್ನು ನಾನು ಮಕ್ಕಳಿಗೆ ಹೇಳುವುದಿಲ್ಲ. ದೊಡ್ಡವರಿಗೆ ಮುಚ್ಚಿಡುವುದೂ ಇಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಆ ಜಾಗಗಳನ್ನು ಈಗ ನೋಡಬಹುದಾ?

ಶೆರ್ವುಡ್‌ನಲ್ಲಿ ಎಡ್ವಿನ್‌ಸ್ಟೋ ಊರಿನ ಪಕ್ಕ ಮೇಜರ್ ಓಕ್ ಎಂಬ ಹಳೇ ಮರ ಇದೆ. ಸುತ್ತಳತೆ 10 ಮೀಟರ್‌ಗೂ ಜಾಸ್ತಿ. 1790ರಲ್ಲಿ ಅದರ ಬಗ್ಗೆ ಬರೆದ ಮೇಜರ್ ಹೇಮನ್ ರೂಕ್‌ನಿಂದ ಆ ಹೆಸರು. ನಾಟಿಂಗ್‌ಹ್ಯಾಂ ಕೋಟೆಯ ಗೋಡೆಯ ಕೆಳಗೆ 1952ರಲ್ಲಿ ನಿಲ್ಲಿಸಿದ ರಾಬಿನ್‌ನ ಕಂಚಿನ ಪ್ರತಿಮೆ ಇದೆ. ಆದರೆ 'ಗೆಸ್ಟ್'ನ ರಾಬಿನ್ ಇದ್ದದ್ದು ಇನ್ನೂ ಉತ್ತರಕ್ಕೆ, ಯಾರ್ಕ್‌ಷೈರ್‌ನ ಬಾರ್ನ್ಸ್‌ಡೇಲ್‌ನಲ್ಲಿ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ಹಾದುಹೋಗುವ ಜಾಗ. ಸುಲಿಗೆಗೆ ಸರಿಯಾದ ಕಡೆಯೇ.

ಅವನು ಹೇಗೆ ಸತ್ತ?

ಮೋಸದಿಂದ. ಮೈ ಹುಷಾರಿಲ್ಲದೆ ಕರ್ಕ್‌ಲೀಸ್ ಎಂಬ ಊರಿನ ಸನ್ಯಾಸಿನಿಯರ ಮಠಕ್ಕೆ ರಕ್ತ ತೆಗೆಸಿಕೊಳ್ಳಲು ಹೋಗುತ್ತಾನೆ. ಅದು ಆಗಿನ ಮಾಮೂಲಿ ಚಿಕಿತ್ಸೆ. ಮಠದ ಹಿರಿಯಳು ಅವನ ಸಂಬಂಧಿ. 50 ಜನ ಬಿಲ್ಲಿನವರನ್ನು ಕರೆದುಕೊಂಡು ಹೋಗು ಅಂದರೆ ಕೇಳುವುದಿಲ್ಲ, ತನ್ನವಳೇ ಅಲ್ಲವಾ ಅಂತ ನಂಬುತ್ತಾನೆ. ಅವಳು ನರ ಕೊಯ್ದು ಹಾಗೆಯೇ ಬಿಡುತ್ತಾಳೆ. ಮೊದಲು ಮಂದ ರಕ್ತ ಬಂತು, ಆಮೇಲೆ ತೆಳು ರಕ್ತ ಬಂತು, ಆಗ ರಾಬಿನ್‌ಗೆ ಒಳಗೆ ದ್ರೋಹ ಇದೆ ಅಂತ ತಿಳಿಯಿತು ಅನ್ನುತ್ತದೆ ಹಾಡು. ಮಠಕ್ಕೆ ಬೆಂಕಿ ಇಡುತ್ತೇನೆ ಅಂತ ಲಿಟಲ್ ಜಾನ್ ಹೊರಡುತ್ತಾನೆ. ಹೆಂಗಸರಿಗೆ ತೊಂದರೆ ಮಾಡಿದರೆ ದೇವರು ಮೆಚ್ಚುವುದಿಲ್ಲ ಅಂತ ರಾಬಿನ್ ತಡೆಯುತ್ತಾನೆ.

ಕೊನೆಯ ಬಾಣ ಬಿದ್ದಲ್ಲಿ ಗೋರಿ ತೋಡಿ ಅನ್ನುವ ಮಾತು ಆಮೇಲಿನ ಹಾಡುಗಳದ್ದು. ಅದಕ್ಕಿಂತ ಹಳೆಯ ಪಾಠ ಒಂದೇ ಒಂದು ಕೈಬರಹದಲ್ಲಿ ಉಳಿದಿದೆ. ಒಬ್ಬರ ಮನೆಯಲ್ಲಿ ಕೆಲಸದವರು ಒಲೆ ಹಚ್ಚಲು ಹರಿಯುತ್ತಿದ್ದ ಆ ಪುಸ್ತಕವನ್ನು 18ನೇ ಶತಮಾನದಲ್ಲಿ ಥಾಮಸ್ ಪರ್ಸಿ ಎಂಬವನು ಕೇಳಿ ತೆಗೆದುಕೊಂಡ. ಎಷ್ಟೋ ಹಾಳೆಗಳು ಅಷ್ಟರಲ್ಲೇ ಅರ್ಧ ಹೋಗಿದ್ದವು. ಅದರಲ್ಲಿ ಸಾಯುವ ರಾಬಿನ್ ಲಿಟಲ್ ಜಾನ್‌ಗೆ ಹೇಳುತ್ತಾನೆ: ತಲೆಯ ಹತ್ತಿರ ನನ್ನ ಕತ್ತಿ ಇಡು, ಕಾಲಿನ ಹತ್ತಿರ ಬಾಣ ಇಡು, ಪಕ್ಕದಲ್ಲಿ ನನ್ನ ಬಿಲ್ಲು ಇಡು, ನನ್ನ ಅಳತೆಗೋಲು… ಅಲ್ಲಿಗೆ ಹಾಳೆ ಹರಿದಿದೆ.